ಯುಎಸ್‌ಬಿ ಪರದೆ ಡ್ರೈವರಿನ ಮೆಮೊರಿ ದೋಷ: ಶಿರಸಿಯ ಧಾರಣೆ ಫಲಕವೊಂದರ ದುರಸ್ತಿ

ಶಿರಸಿಯ ಅಡಿಕೆ ಮಾರುಕಟ್ಟೆಯ ಒಂದು ವಕಾರಿಯಲ್ಲಿ, ಅಂದರೆ ಅಡಿಕೆ ವ್ಯಾಪಾರದ ಮಳಿಗೆಯಲ್ಲಿ, ದಿನದ ಧಾರಣೆ ತೋರಿಸುವ ಎರಡು ದೊಡ್ಡ ಪರದೆಗಳಿವೆ. ಕೆಳಗಿನದರಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ಅಡಿಕೆ ಬಗೆಗಳ ಮತ್ತು ಕಾಳುಮೆಣಸಿನ ಕನಿಷ್ಠ, ಗರಿಷ್ಠ, ಸರಾಸರಿ ದರಗಳು ಕ್ವಿಂಟಲ್ ಲೆಕ್ಕದಲ್ಲಿ ಬರುತ್ತವೆ. ಮೇಲಿನದರಲ್ಲಿ ಟೆಂಡರಿಗೆ ಇಟ್ಟ ಲಾಟುಗಳ ಪಟ್ಟಿ ಓಡುತ್ತದೆ. ಎರಡನ್ನೂ ನಡೆಸುವುದು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ ಒಂದೇ ಪುಟ್ಟ ಕಂಪ್ಯೂಟರ್. ಅದಕ್ಕೆ ಎಚ್‌ಡಿಎಂಐ ಕಿಂಡಿ ಒಂದೇ ಇರುವುದರಿಂದ ಮೇಲಿನ ಪರದೆಯನ್ನು ಯುಎಸ್‌ಬಿ 2.0 ಡಿಸ್‌ಪ್ಲೇ ಅಡಾಪ್ಟರ್ ಮೂಲಕ ಜೋಡಿಸಲಾಗಿದೆ. ಈ ಅಡಾಪ್ಟರಿನ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನ ಮುಖ್ಯ ಸೋರ್ಸ್‌ನಲ್ಲಿ ಸೇರಿಲ್ಲ. ತಯಾರಕರು ಕೊಡುವ ಸಿ ಭಾಷೆಯ ಸೋರ್ಸ್ ಕೋಡನ್ನು ಡಿಕೆಎಂಎಸ್ ಎಂಬ ಸಲಕರಣೆಯ ಮೂಲಕ ಪ್ರತಿಯೊಂದು ಹೊಸ ಕರ್ನಲ್‌ಗೂ ಮತ್ತೆ ಕಂಪೈಲ್ ಮಾಡಿಕೊಳ್ಳಬೇಕು. ಆ ಡ್ರೈವರಿನಲ್ಲಿದ್ದ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ದೋಷವನ್ನು ಹುಡುಕಿ ಸರಿಪಡಿಸಿದ ಕ್ರಮವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕೋಡಿನ ಸಾಲುಗಳನ್ನು ಕೊಡುವ ಬದಲು ಪ್ರತಿಯೊಂದು ಹೆಜ್ಜೆಯ ಕಾರಣವನ್ನು ವಿವರಿಸಿದ್ದೇನೆ, ಏಕೆಂದರೆ ಕಳಚಿ ತೆಗೆಯಬಹುದಾದ ಯಾವುದೇ ಸಾಧನದ ಡ್ರೈವರಿಗೂ ಇದೇ ಕಾರಣಗಳು ಅನ್ವಯಿಸುತ್ತವೆ.

ದೋಷ ಹೊರಗೆ ಕಾಣುತ್ತಿದ್ದ ಬಗೆ

ದೋಷ ಒಂದೇ ಆಗಿದ್ದರೂ ಅದು ಕಾಣಿಸಿಕೊಳ್ಳುತ್ತಿದ್ದ ರೂಪಗಳು ಬೇರೆ ಬೇರೆಯಾಗಿದ್ದವು. ಕೆಲವೊಮ್ಮೆ ಮೇಲಿನ ಪರದೆ ಮಾತ್ರ ಕಪ್ಪಾಗಿ ಉಳಿಯುತ್ತಿತ್ತು. ಕೆಲವೊಮ್ಮೆ ಎಲ್ಲವೂ ಸರಿಯಾದಂತೆ ಕಂಡು, ಸ್ವಲ್ಪ ಹೊತ್ತಿನ ನಂತರ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಇನ್ನು ಕೆಲವೊಮ್ಮೆ ಪರದೆಗೆ ಯಾವ ಸಂಬಂಧವೂ ಇಲ್ಲದ ಫೈಲ್ ಸಿಸ್ಟಂ ಕೋಡಿನಲ್ಲಿ ಕರ್ನಲ್ ತಪ್ಪು ವರದಿ ಮಾಡುತ್ತಿತ್ತು. ಈ ಕೊನೆಯ ಲಕ್ಷಣದ ಕಾರಣದಿಂದ ಮೊದಲು ಎಲ್ಲರ ಅನುಮಾನ ರ್‍ಯಾಮ್ ಮೇಲೆ ಹೋಗಿತ್ತು; ಅದನ್ನು ಬದಲಿಸಿಯೂ ಆಗಿತ್ತು. ಮೆಮ್‌ಟೆಸ್ಟ್ ಓಡಿಸಿದಾಗ ಹಳೆಯ ರ್‍ಯಾಮ್ ಆಗಲಿ ಹೊಸದಾಗಲಿ ಒಂದು ಬಿಟ್ಟೂ ತಪ್ಪಲಿಲ್ಲ.

ಸುಳಿವು ಸಿಕ್ಕಿದ್ದು ವಕಾರಿಯ ಮೇಲ್ವಿಚಾರಕರ ಮಾತಿನಿಂದ. "ಕರೆಂಟ್ ಹೋಗಿ ಬಂದ್ ಮೇಲೆ ಕೆಳಗಿಂದು ಬತ್ತು, ಮೇಲಿಂದು ಬತ್ತಿಲ್ಲೆ" ಎಂದು ಅವರು ಹೇಳಿದಾಗ ನಾನು ವಿದ್ಯುತ್ ಜೋಡಣೆಯನ್ನು ನೋಡಿದೆ. ಕಂಪ್ಯೂಟರು ಯುಪಿಎಸ್ ಮೇಲಿತ್ತು. ಅಡಾಪ್ಟರನ್ನು ಚುಚ್ಚಿದ್ದ ಯುಎಸ್‌ಬಿ ಹಬ್ ಮಾತ್ರ ಪರದೆಗಳ ಜೊತೆಗೆ ನೇರ ಲೈನಿನ ಮೇಲಿತ್ತು. ಮಳೆಗಾಲದಲ್ಲಿ ಘಟ್ಟದ ಮೇಲಿನ ಊರುಗಳಲ್ಲಿ ಕೊಂಬೆ ತಂತಿಗೆ ತಾಗಿ ವಿದ್ಯುತ್ ಒಂದು ಕ್ಷಣ ಹೋಗಿ ಬರುವುದು ಹೊಸದೇನಲ್ಲ. ಅಂತಹ ಪ್ರತಿಯೊಂದು ಕ್ಷಣದಲ್ಲೂ ಕಂಪ್ಯೂಟರು ಎಚ್ಚರವಾಗಿಯೇ ಇದ್ದು, ಅದರ ಕಣ್ಣೆದುರಿಗೇ ಅಡಾಪ್ಟರು ಕಿತ್ತು ಹೋದಂತೆ ಆಗುತ್ತಿತ್ತು. ಪ್ರಯೋಗಾಲಯದಲ್ಲಿ ಡ್ರೈವರ್ ಬರೆದವರು ತಂತಿಯನ್ನು ಅಪರೂಪಕ್ಕೆ ಕಿತ್ತು ನೋಡಿರಬಹುದು; ಇಲ್ಲಿ ಆಷಾಢದ ಗಾಳಿ ಅದೇ ಪರೀಕ್ಷೆಯನ್ನು ದಿನವಿಡೀ ಮಾಡುತ್ತಿತ್ತು.

ಹಬ್ ಅನ್ನು ಯುಪಿಎಸ್‌ಗೆ ಬದಲಾಯಿಸಿದರೆ ಲಕ್ಷಣಗಳು ಬಹುಪಾಲು ನಿಲ್ಲುತ್ತವೆ, ಅದನ್ನು ಅಂದೇ ಮಾಡಿಕೊಟ್ಟೆ. ಆದರೆ ಅಷ್ಟಕ್ಕೆ ಕೆಲಸ ಮುಗಿಯಿತೆಂದು ನಾನು ಒಪ್ಪಲಿಲ್ಲ. ಕರ್ನಲ್ ಒಳಗೆ ಬಿಟ್ಟ ಮೆಮೊರಿಯನ್ನು ಮುಟ್ಟುವ ಕೋಡು ಇದ್ದರೆ ಅದು ಪರದೆ ನಿಲ್ಲುವ ತೊಂದರೆಗಿಂತ ದೊಡ್ಡದು. ಅದರ ವಿವರಣೆ ಮುಂದೆ ಬರುತ್ತದೆ.

ಸಾಕ್ಷ್ಯ ಸಂಗ್ರಹ

ಯಂತ್ರ ಸ್ತಬ್ಧವಾದಾಗ ಲಾಗ್ ಡಿಸ್ಕಿಗೆ ಬರೆಯುವಷ್ಟು ಅವಕಾಶ ಇರುವುದಿಲ್ಲ. ಆದ್ದರಿಂದ ಮೊದಲು ನೆಟ್‌ಕನ್ಸೋಲ್ ಹಾಕಿದೆ. ಅದು ಕರ್ನಲ್ ಸಂದೇಶಗಳನ್ನು ಯುಡಿಪಿ ಮೂಲಕ ಪಕ್ಕದ ಇನ್ನೊಂದು ಯಂತ್ರಕ್ಕೆ ಕಳುಹಿಸುತ್ತದೆ. ಯಂತ್ರ ಸಾಯುವ ಮುನ್ನ ಹೇಳಿದ ಕೊನೆಯ ಸಾಲುಗಳು ಅಲ್ಲಿ ಉಳಿಯುತ್ತವೆ.

ಎರಡನೆಯದಾಗಿ ಬೂಟ್ ಸಾಲಿನಲ್ಲಿ ಕರ್ನಲ್ ಮೆಮೊರಿಯ ಹಂಚಿಕೆಯನ್ನು ಪರೀಕ್ಷಿಸುವ ಸ್ಲಬ್ ಡೀಬಗ್ ಆಯ್ಕೆಯನ್ನು ಎಫ್, ಝಡ್, ಪಿ, ಯು ಎಂಬ ನಾಲ್ಕು ಅಕ್ಷರಗಳೊಂದಿಗೆ ಕೊಟ್ಟೆ. ಇದಕ್ಕೆ ಕರ್ನಲ್ ಅನ್ನು ಮತ್ತೆ ಕಂಪೈಲ್ ಮಾಡಬೇಕಾಗಿಲ್ಲ. ಎಫ್ ಸ್ಥಿರತೆಯ ಪರಿಶೀಲನೆ. ಝಡ್ ಪ್ರತಿಯೊಂದು ಮೆಮೊರಿ ತುಣುಕಿನ ಅಂಚಿಗೆ ಕಾವಲು ಬೈಟುಗಳನ್ನು ಇಡುತ್ತದೆ. ಪಿ ಬಿಟ್ಟುಕೊಟ್ಟ ತುಣುಕನ್ನು ಹೆಕ್ಸ್ 6ಬಿ ಎಂಬ ಬೈಟಿನಿಂದ ತುಂಬಿ ಕೊನೆಯ ಬೈಟಿನಲ್ಲಿ ಎ5 ಇಡುತ್ತದೆ. ಯು ತುಣುಕನ್ನು ಪಡೆದವರು ಯಾರು, ಬಿಟ್ಟವರು ಯಾರು ಎಂಬುದನ್ನು ನೆನಪಿಡುತ್ತದೆ. ನಂತರ ಹಬ್‌ನ ವಿದ್ಯುತ್ ತೆಗೆದೆ. ಬಂದ ವರದಿಯಲ್ಲಿ ಯಂತ್ರ ಮುಟ್ಟಲು ಹೋದ ವಿಳಾಸದ ತುಂಬ 6ಬಿ 6ಬಿ 6ಬಿ ಎಂದೇ ಇತ್ತು. 64 ಬಿಟ್ ಇಂಟೆಲ್ ಯಂತ್ರದಲ್ಲಿ ಅದು ಸಿಂಧುವಾದ ವಿಳಾಸವೇ ಅಲ್ಲ, ಹಾಗಾಗಿ ಪ್ರೊಸೆಸರ್ ತಕ್ಷಣ ತಡೆಯುತ್ತದೆ. ಬಿಟ್ಟುಕೊಟ್ಟ ಮೆಮೊರಿಯಲ್ಲಿದ್ದ ಬೈಟುಗಳನ್ನು ಯಾರೋ ಪಾಯಿಂಟರ್ (ಮೆಮೊರಿ ವಿಳಾಸ) ಎಂದು ಓದಿದ್ದಾರೆ ಎನ್ನಲು ಇಷ್ಟು ಸಾಕು.

ತೊಡಕೆಂದರೆ, ಆ ವರದಿಯ ಕರೆಸರಣಿಯಲ್ಲಿ (ಯಾವ ಕಾರ್ಯ ಯಾವುದನ್ನು ಕರೆಯಿತೆಂಬ ಪಟ್ಟಿಯಲ್ಲಿ) ಪರದೆ ಡ್ರೈವರಿನ ಹೆಸರೇ ಇರಲಿಲ್ಲ. ಅಲ್ಲಿದ್ದುದು ಕರ್ನಲ್‌ನ ಟೈಮರ್ ವ್ಯವಸ್ಥೆ ಮಾತ್ರ. ಬೇರೊಂದು ಬಾರಿ ಇದೇ ಪರೀಕ್ಷೆಯಲ್ಲಿ ಯಂತ್ರ ಸಾಯದೆ, ಬಿಟ್ಟ ತುಣುಕಿನ ಮೇಲೆ ಯಾರೋ ಬರೆದಿದ್ದಾರೆ ಎಂಬ ವರದಿ ಕೆಮ್ಯಾಲಾಕ್ 2ಕೆ ಎಂಬ ಮೆಮೊರಿ ತುಣುಕುಗಳ ಗುಂಪಿನಿಂದ ಬಂತು. ಅದರಲ್ಲಿ ಯು ಅಕ್ಷರದ ಕೃಪೆಯಿಂದ ತುಣುಕನ್ನು ಬಿಟ್ಟವರ ಜಾಗದಲ್ಲಿ ಪರದೆ ಡ್ರೈವರಿನ ಡಿಸ್‌ಕನೆಕ್ಟ್ ಕಾರ್ಯದ (ಸಾಧನ ಹೋದಾಗ ಓಡುವ ಕೋಡಿನ) ಹೆಸರು ಸ್ಪಷ್ಟವಾಗಿತ್ತು. ಫೈಲ್ ಸಿಸ್ಟಂ ಕೆಡುತ್ತಿದ್ದುದರ ಕಾರಣವೂ ಇಲ್ಲಿಯೇ ತಿಳಿಯಿತು. ಡ್ರೈವರ್ ಬಿಟ್ಟ ಜಾಗವನ್ನು ಕರ್ನಲ್ ಬೇರೆ ವಿಭಾಗಕ್ಕೆ ಕೊಟ್ಟಿರುತ್ತದೆ. ಡ್ರೈವರಿನ ತಡವಾದ ಕೆಲಸವೊಂದು ಹಳೆಯ ವಿಳಾಸಕ್ಕೇ ಬಂದು ಬರೆಯುತ್ತದೆ. ಖಾಲಿಯಾಗಿ ಬೇರೆಯವರ ವಶಕ್ಕೆ ಹೋದ ಮಳಿಗೆಯ ಹಳೆಯ ಚೀಟಿ ಹಿಡಿದ ಹಮಾಲಿ, ಹೊಸಬರ ಸರಕಿನ ಮೇಲೆ ತನ್ನ ಚೀಲ ಇಳಿಸಿದಂತೆ ಇದು. ಹಾನಿ ಕಾಣುವುದು ಹೊಸಬರ ಲೆಕ್ಕದಲ್ಲಿ.

ಮೂರನೆಯ ಹೆಜ್ಜೆಯಾಗಿ ಮನೆಯ ಯಂತ್ರದಲ್ಲಿ ಕಾಸಾನ್ ಸಹಿತವಾದ ಕರ್ನಲ್ ಕಂಪೈಲ್ ಮಾಡಿದೆ. ಕರ್ನಲ್ ಅಡ್ರೆಸ್ ಸ್ಯಾನಿಟೈಸರ್ ಎಂಬುದರ ಸಂಕ್ಷಿಪ್ತ ರೂಪವಾದ ಕಾಸಾನ್ 2015ರ 4.0 ಆವೃತ್ತಿಯಿಂದ ಲಿನಕ್ಸ್‌ನಲ್ಲಿದೆ. ಪ್ರತಿ 8 ಬೈಟು ಮೆಮೊರಿಗೆ 1 ಬೈಟು ನೆರಳು ಮೆಮೊರಿಯನ್ನು ಅದು ಇಟ್ಟುಕೊಳ್ಳುತ್ತದೆ. ನೆರಳಿನ ಬೈಟು ಸೊನ್ನೆಯಾಗಿದ್ದರೆ ಎಂಟೂ ಬೈಟುಗಳನ್ನು ಮುಟ್ಟಬಹುದು. 1ರಿಂದ 7ರ ಒಳಗಿದ್ದರೆ ಮೊದಲಿನ ಅಷ್ಟು ಬೈಟುಗಳನ್ನು ಮಾತ್ರ. ಋಣ ಸಂಖ್ಯೆಯಾಗಿದ್ದರೆ ಯಾವುದನ್ನೂ ಮುಟ್ಟುವಂತಿಲ್ಲ. ಕಂಪೈಲರ್ ಪ್ರತಿಯೊಂದು ಓದು ಮತ್ತು ಬರಹದ ಮುಂದೆ ಈ ನೆರಳನ್ನು ಪರೀಕ್ಷಿಸುವ ಸೂಚನೆಗಳನ್ನು ಸೇರಿಸುತ್ತದೆ. 8 ಜಿಬಿ ಮೆಮೊರಿಯ ಯಂತ್ರದಲ್ಲಿ 1 ಜಿಬಿ ನೆರಳಿಗೇ ಹೋಗುತ್ತದೆ ಮತ್ತು ಎಲ್ಲವೂ ಎದ್ದು ಕಾಣುವಷ್ಟು ನಿಧಾನವಾಗುತ್ತದೆ, ಆದ್ದರಿಂದ ಇದನ್ನು ವಕಾರಿಯ ಯಂತ್ರದಲ್ಲಿ ಹಾಕದೆ ಅಂತಹದೇ ಇನ್ನೊಂದರಲ್ಲಿ ಹಾಕಿದೆ. ಬಿಟ್ಟುಕೊಟ್ಟ ತುಣುಕುಗಳನ್ನು ಕಾಸಾನ್ ಸ್ವಲ್ಪ ಕಾಲ ಪ್ರತ್ಯೇಕವಾಗಿ ಇಟ್ಟು, ಕೂಡಲೇ ಬೇರೆಯವರಿಗೆ ಸಿಗದಂತೆ ತಡೆಯುತ್ತದೆ. ಇದರಿಂದ ತಡವಾಗಿ ಬಂದು ಮುಟ್ಟುವವರು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚುತ್ತದೆ. ಡ್ರೈವರನ್ನೂ ಇದೇ ಕರ್ನಲ್ ಜೊತೆ ಮತ್ತೆ ಕಂಪೈಲ್ ಮಾಡಬೇಕೆಂಬುದನ್ನು ನೆನಪಿಡಬೇಕು, ಇಲ್ಲವಾದರೆ ಡ್ರೈವರಿನ ಕೋಡಿನಲ್ಲಿ ಪರೀಕ್ಷೆಯ ಸೂಚನೆಗಳೇ ಇರುವುದಿಲ್ಲ. ಜೊತೆಗೆ ಡೀಬಗ್ ಆಬ್ಜೆಕ್ಟ್ಸ್ ಆಯ್ಕೆಯನ್ನೂ ಆನ್ ಮಾಡಿದೆ. ಚಾಲ್ತಿಯಲ್ಲಿರುವ ಟೈಮರ್ ಒಳಗಿರುವ ಮೆಮೊರಿಯನ್ನು ಯಾರಾದರೂ ಬಿಟ್ಟುಕೊಟ್ಟರೆ ಅದು ಬಿಟ್ಟ ಗಳಿಗೆಯಲ್ಲೇ ಕೂಗಿ ಹೇಳುತ್ತದೆ, ಹಾನಿ ಆಗುವವರೆಗೆ ಕಾಯುವುದಿಲ್ಲ. ಟೈಮರ್ ವ್ಯವಸ್ಥೆಯಲ್ಲಿ ಬಿದ್ದ ಮೊದಲ ವರದಿಯ ಗುಟ್ಟನ್ನು ಬಿಡಿಸಿದ್ದು ಇದೇ.

ದೋಷವನ್ನು ಮತ್ತೆ ಮತ್ತೆ ಬರಿಸಲು ಮಳೆಗೆ ಕಾಯಬೇಕಾಗಿಲ್ಲ. ಸಾಧನಗಳನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಯುಎಸ್‌ಬಿ ಸಾಧನದ ಆಥರೈಸ್ಡ್ ಎಂಬ ಕಡತಕ್ಕೆ 0 ಬರೆದರೆ ಸಾಧನ ಕಳಚುತ್ತದೆ, 1 ಬರೆದರೆ ಮರಳುತ್ತದೆ. ಆದರೂ ಇದನ್ನೇ ನಂಬಿ ಕೂರಬಾರದು. ವಿದ್ಯುತ್ ನಿಜವಾಗಿ ಹೋದಾಗ, ಕರ್ನಲ್‌ಗೆ ಸಾಧನ ಹೋದ ಸುದ್ದಿ ತಲುಪುವ ಮೊದಲೇ ಅರ್ಧಕ್ಕೆ ನಿಂತ ಸಾಗಣೆಗಳು ಬೇರೆ ಬೇರೆ ದೋಷ ಸಂಖ್ಯೆಗಳೊಂದಿಗೆ ಹಿಂದಿರುಗುತ್ತವೆ. ಆದ್ದರಿಂದ ಸ್ಕ್ರಿಪ್ಟಿನಿಂದಲೂ ಗೋಡೆಯ ಸ್ವಿಚ್ಚಿನಿಂದಲೂ ಎರಡೂ ಬಗೆಯಲ್ಲಿ ಪರೀಕ್ಷಿಸಿದೆ.

ಡ್ರೈವರ್ ಒಳಗೆ

ಪೂರ್ಣ 1920 × 1080 ಚಿತ್ರವೊಂದು 16 ಬಿಟ್ ಬಣ್ಣದಲ್ಲಿ 41,47,200 ಬೈಟು ಆಗುತ್ತದೆ. ಯುಎಸ್‌ಬಿ 2.0ರ ಸೈದ್ಧಾಂತಿಕ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಎಲ್ಲವನ್ನೂ ಕಳುಹಿಸುತ್ತ ಕೂತರೆ ಸೆಕೆಂಡಿಗೆ 15 ಚಿತ್ರವೂ ದಾಟುವುದಿಲ್ಲ. ಅದಕ್ಕಾಗಿ ಡ್ರೈವರ್ ಪರದೆಯ ಬದಲಾದ ಭಾಗಗಳನ್ನು ಮಾತ್ರ ಗುರುತಿಸಿಟ್ಟುಕೊಂಡು, ಸ್ವಲ್ಪ ತಡೆದು, ಒಟ್ಟಿಗೆ ಕಳುಹಿಸುತ್ತದೆ. ಈ ತಡೆದು ಮಾಡುವ ಕೆಲಸವನ್ನು ಡಿಲೇಡ್ ವರ್ಕ್ ಎಂಬ ಸೌಲಭ್ಯದಿಂದ ಮಾಡಲಾಗಿತ್ತು. ವಿನ್ಯಾಸ ತಾನಾಗಿ ಒಳ್ಳೆಯದೇ. ಅದರ ಟೈಮರ್ ಡ್ರೈವರಿನ ಖಾಸಗಿ ಸ್ಟ್ರಕ್ಟಿನೊಳಗೇ (ಡ್ರೈವರ್ ತನ್ನ ಮಾಹಿತಿ ಇಡುವ ಮೆಮೊರಿ ತುಣುಕಿನೊಳಗೇ) ಇತ್ತು, ಮತ್ತು ಡಿಸ್‌ಕನೆಕ್ಟ್ ಕಾರ್ಯ ಆ ಟೈಮರನ್ನು ರದ್ದು ಮಾಡದೆ ಸ್ಟ್ರಕ್ಟನ್ನು ಕೆಫ್ರೀ ಮಾಡುತ್ತಿತ್ತು, ಅಂದರೆ ಅದರ ಮೆಮೊರಿಯನ್ನು ಬಿಟ್ಟುಕೊಡುತ್ತಿತ್ತು. ಇದು ದೋಷ ಬರುವ ಮೊದಲ ದಾರಿ.

ಎರಡನೆಯ ದಾರಿ ಇನ್ನೂ ಮುಖ್ಯವಾದದ್ದು. ಲಿನಕ್ಸ್‌ನ ಗ್ರಾಫಿಕ್ಸ್ ಉಪವ್ಯವಸ್ಥೆಯಾದ ಡಿಆರ್‌ಎಂನಲ್ಲಿ ಪ್ರತಿಯೊಂದು ಪರದೆ ಸಾಧನಕ್ಕೂ ಒಂದು ಡಿಆರ್‌ಎಂ ಡಿವೈಸ್ ವಸ್ತು ಇರುತ್ತದೆ, ಮತ್ತು ಅದನ್ನು ಬಳಸುವವರ ಲೆಕ್ಕವನ್ನು ಇಡಲಾಗುತ್ತದೆ. ಯುಎಸ್‌ಬಿ ತಂತಿ ಕಿತ್ತು ಹೋದರೂ, ಪರದೆಯಲ್ಲಿ ಬ್ರೌಸರ್ ತೋರಿಸುವ ಕಂಪೋಸಿಟರ್ ಎಂಬ ಪ್ರೋಗ್ರಾಂ ಆ ಸಾಧನದ ಕಡತವನ್ನು ತೆರೆದಿಟ್ಟುಕೊಂಡಿರುವವರೆಗೆ ಡಿಆರ್‌ಎಂ ಡಿವೈಸ್ ಬದುಕಿರುತ್ತದೆ. ನಮ್ಮ ಡ್ರೈವರ್ ತನ್ನ ಖಾಸಗಿ ಸ್ಟ್ರಕ್ಟನ್ನು ಬೇರೆಯಾಗಿ ಪಡೆದು, ಡಿಆರ್‌ಎಂ ಡಿವೈಸ್‌ನಲ್ಲಿ ಅದಕ್ಕೊಂದು ಪಾಯಿಂಟರ್ ಇಟ್ಟಿತ್ತು. ತಂತಿ ಕಿತ್ತಾಗ ಖಾಸಗಿ ಸ್ಟ್ರಕ್ಟ್ ಹೋಗುತ್ತಿತ್ತು, ಡಿಆರ್‌ಎಂ ಡಿವೈಸ್ ಉಳಿಯುತ್ತಿತ್ತು, ಪಾಯಿಂಟರೂ ಹಾಗೆಯೇ ಉಳಿಯುತ್ತಿತ್ತು. ಕಂಪೋಸಿಟರ್ ಮುಂದಿನ ಚಿತ್ರವನ್ನು ಕಳುಹಿಸಿದೊಡನೆ ಕರ್ನಲ್ ಆ ಪಾಯಿಂಟರ್ ಹಿಡಿದು ಸತ್ತ ಸ್ಟ್ರಕ್ಟಿನೊಳಗೆ ಕಾಲಿಡುತ್ತಿತ್ತು. ಕಾಸಾನ್ ವರದಿ ಇದನ್ನು ಮೂರು ಸರಣಿಗಳಲ್ಲಿ ತೋರಿಸಿತು: ಮುಟ್ಟಿದ್ದು ಕಂಪೋಸಿಟರಿನ ಐಆಕ್ಟಲ್ ಕರೆ (ಕರ್ನಲ್‌ಗೆ ಸಲ್ಲಿಸುವ ಕೋರಿಕೆ), ಪಡೆದದ್ದು ಸಾಧನ ಜೋಡಣೆಯಾದಾಗ ಓಡುವ ಪ್ರೋಬ್ ಕಾರ್ಯ, ಬಿಟ್ಟಿದ್ದು ಯುಎಸ್‌ಬಿ ಹಬ್‌ನ ಘಟನೆಗಳನ್ನು ನಿಭಾಯಿಸುವ ಕರ್ನಲ್ ಕೆಲಸಗಾರ.

ಮೂರನೆಯ ದಾರಿ ಹೆಚ್ಚು ಮಂದಿ ಬೀಳುವ ಹಳ್ಳ. ಪರದೆಯ ಕಿಂಡಿಯನ್ನೂ ಅದಕ್ಕೆ ಸಂಕೇತ ಒದಗಿಸುವ ಘಟಕವನ್ನೂ ಪ್ರತಿನಿಧಿಸುವ ಕನೆಕ್ಟರ್ ಮತ್ತು ಎನ್‌ಕೋಡರ್ ಸ್ಟ್ರಕ್ಟುಗಳನ್ನು ಡೆವ್ಎಂ ಎಂಬ ಪೂರ್ವಪದದ ಕಾರ್ಯಗಳಿಂದ ಪಡೆಯಲಾಗಿತ್ತು. ಆ ಬಗೆಯಲ್ಲಿ ಪಡೆದ ಮೆಮೊರಿ ಡ್ರೈವರ್ ಸಾಧನದಿಂದ ಕಳಚಿದ ಕೂಡಲೇ ತಾನಾಗಿ ಬಿಡುಗಡೆಯಾಗುತ್ತದೆ. ಬಹುತೇಕ ಡ್ರೈವರ್‌ಗಳಲ್ಲಿ ಅದು ಬರೆಯುವವರ ಕೆಲಸವನ್ನು ಹಗುರ ಮಾಡುತ್ತದೆ. ಆದರೆ ಕನೆಕ್ಟರ್ ಎಂಬುದು ಡಿಆರ್‌ಎಂ ಡಿವೈಸ್ ಇರುವವರೆಗೆ ಇರಬೇಕಾದ ವಸ್ತು. ಯುಎಸ್‌ಬಿ ಸಾಧನದ ಆಯುಸ್ಸು ಮತ್ತು ಡಿಆರ್‌ಎಂ ಡಿವೈಸ್‌ನ ಆಯುಸ್ಸು ಎರಡೂ ಒಂದೇ ಎಂದು ಊಹಿಸಿದ ಕಡೆಗಳಲ್ಲೆಲ್ಲ ಈ ಡ್ರೈವರ್ ತಪ್ಪಿತ್ತು. ನನ್ನ ದೃಷ್ಟಿಯಲ್ಲಿ ಮೂರೂ ದಾರಿಗಳ ಮೂಲ ಆ ಒಂದೇ ಊಹೆ.

ತಯಾರಕರ ಹೊಸ ಆವೃತ್ತಿಯಲ್ಲಿ ಇದಕ್ಕೆ ಒಂದು ತೇಪೆ ಇತ್ತು: ಡಿಸ್‌ಕನೆಕ್ಟ್ ಆದಾಗ ಪಾಯಿಂಟರನ್ನು ನಲ್ (ಖಾಲಿ) ಮಾಡುವುದು, ಬಳಸುವ ಮೊದಲು ನಲ್ ಆಗಿದೆಯೇ ಎಂದು ನೋಡುವುದು. ಒಂದೇ ಪ್ರೊಸೆಸರ್ ಕೋರಿನಲ್ಲಿ ಎಲ್ಲವೂ ಸಾಲಾಗಿ ನಡೆಯುವುದಾದರೆ ಇದು ಸಾಕಾಗುತ್ತಿತ್ತೇನೋ. ಒಂದು ಕೋರ್ ಪಾಯಿಂಟರನ್ನು ನೋಡಿ, ನಲ್ ಅಲ್ಲವೆಂದು ತಿಳಿದು, ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಇನ್ನೊಂದು ಕೋರ್ ಅದನ್ನು ನಲ್ ಮಾಡಿ ಮೆಮೊರಿಯನ್ನೂ ಬಿಟ್ಟಿರಬಹುದು. ಇಂತಹ ತೇಪೆ ದೋಷ ಕಾಣುವ ಅವಕಾಶವನ್ನು ಕಿರಿದು ಮಾಡುತ್ತದೆ, ಮತ್ತು ಅದೇ ಕಾರಣಕ್ಕೆ ಮುಂದೆ ಹುಡುಕುವವರಿಗೆ ಅದನ್ನು ಇನ್ನಷ್ಟು ಕಠಿಣ ಮಾಡುತ್ತದೆ. ಆ ತೇಪೆ ಹಾಕಿದ ಆವೃತ್ತಿಯೂ ಕಾಸಾನ್ ಎದುರು ನಿಲ್ಲಲಿಲ್ಲ.

ಸರಿಪಡಿಸಿದ ಕ್ರಮ

ಕರ್ನಲ್‌ನಲ್ಲೇ ಇರುವ ಎರಡು ಡ್ರೈವರ್‌ಗಳನ್ನು ಮಾದರಿಯಾಗಿ ಓದಿದೆ: ಡಿಸ್‌ಪ್ಲೇಲಿಂಕ್ ಯುಎಸ್‌ಬಿ 2.0 ಅಡಾಪ್ಟರ್‌ಗಳ ಯುಡಿಎಲ್, ಮತ್ತು ಯುಎಸ್‌ಬಿ ಪ್ರೊಜೆಕ್ಟರ್‌ಗಳ ಜಿಎಂ12ಯು320. ಎರಡನೆಯದು ಚಿಕ್ಕದು, ಒಂದೇ ಕಡತದಲ್ಲಿದೆ, ಹೊಸಬರು ಓದಲು ಯೋಗ್ಯವಾಗಿದೆ.

ಮೊದಲ ಬದಲಾವಣೆಯಾಗಿ ಡಿಆರ್‌ಎಂ ಡಿವೈಸ್ ಅನ್ನು ಖಾಸಗಿ ಸ್ಟ್ರಕ್ಟಿನ ಒಳಗೇ ಇಟ್ಟು, ಎರಡನ್ನೂ ಡೆವ್ಎಂ ಡಿಆರ್‌ಎಂ ಡೆವ್ ಅಲಾಕ್ ಎಂಬ ಒಂದೇ ಕರೆಯಿಂದ ಪಡೆದೆ. ಹೆಸರಿನಲ್ಲಿ ಡೆವ್ಎಂ ಇದ್ದರೂ ಇದು ಮೇಲೆ ಹೇಳಿದ ಹಳ್ಳವಲ್ಲ. ಸಾಧನ ಕಳಚಿದಾಗ ಇದು ತನ್ನ ಪಾಲಿನ ಒಂದು ಹಿಡಿತವನ್ನು ಮಾತ್ರ ಬಿಡುತ್ತದೆ, ಮೆಮೊರಿ ಹೋಗುವುದು ಕೊನೆಯ ಬಳಕೆದಾರ ಬಿಟ್ಟಾಗಲೇ. ಕನೆಕ್ಟರ್, ಎನ್‌ಕೋಡರ್‌ಗಳನ್ನು ಡಿಆರ್‌ಎಂ ಡಿವೈಸ್ ಇರುವವರೆಗೆ ಮೆಮೊರಿಯನ್ನು ಉಳಿಸುವ ಡಿಆರ್‌ಎಂಎಂ ಪೂರ್ವಪದದ ಕಾರ್ಯಗಳಿಗೆ ಬದಲಿಸಿದೆ. ಹೀಗೆ ಮಾಡಿದ ಮೇಲೆ ಡ್ರೈವರಿನಲ್ಲಿದ್ದ ಕೆಫ್ರೀ ಸಾಲನ್ನು ಅಳಿಸಿ ಹಾಕಬಹುದಾಯಿತು.

ಮೆಮೊರಿ ಉಳಿಯಿತು ಎಂದಾಕ್ಷಣ ಸಾಧನ ಉಳಿಯಿತು ಎಂದಾಗುವುದಿಲ್ಲ. ಹೋದ ಸಾಧನಕ್ಕೆ ಯಾರೂ ಮಾತಾಡದಂತೆ ಮಾಡುವುದು ಎರಡನೆಯ ಬದಲಾವಣೆ. ಹಾರ್ಡ್‌ವೇರ್ ಮುಟ್ಟುವ ಪ್ರತಿಯೊಂದು ಕಾರ್ಯದ ಆರಂಭದಲ್ಲಿ ಡಿಆರ್‌ಎಂ ಡೆವ್ ಎಂಟರ್, ಕೊನೆಯಲ್ಲಿ ಡಿಆರ್‌ಎಂ ಡೆವ್ ಎಕ್ಸಿಟ್ ಸೇರಿಸಿದೆ. ಡಿಸ್‌ಕನೆಕ್ಟ್ ಕಾರ್ಯದ ಮೊದಲ ಸಾಲಾಗಿ ಡಿಆರ್‌ಎಂ ಡೆವ್ ಅನ್‌ಪ್ಲಗ್ ಕರೆದೆ. ಅದು ಸಾಧನ ಹೋಯಿತೆಂದು ಗುರುತು ಹಾಕಿ, ಆಗಲೇ ಒಳಗಿರುವ ಎಲ್ಲರೂ ಎಕ್ಸಿಟ್ ಆಗುವವರೆಗೆ ಕಾಯುತ್ತದೆ. ಆಮೇಲೆ ಬಂದವರಿಗೆ ಎಂಟರ್ ಸುಳ್ಳು ಎಂದು ಉತ್ತರಿಸುತ್ತದೆ. ನೋಡುವುದು ಮತ್ತು ಬಳಸುವುದರ ನಡುವೆ ನಲ್ ತೇಪೆ ಬಿಟ್ಟಿದ್ದ ಸಂದು ಇಲ್ಲಿ ಉಳಿಯುವುದಿಲ್ಲ. ಎಂಟರ್ ಸುಳ್ಳು ಎಂದಾಗ ಹಾರ್ಡ್‌ವೇರ್ ಭಾಗವನ್ನು ಮಾತ್ರ ಬಿಡಬೇಕು, ತಂತ್ರಾಂಶದ ಬಾಕಿಯನ್ನು ಪೂರೈಸಲೇಬೇಕು. ಉದಾಹರಣೆಗೆ, ಚಿತ್ರ ಬದಲಾಯಿತು ಎಂಬ ಸೂಚನೆಯನ್ನು ಕಂಪೋಸಿಟರಿಗೆ ಕಳುಹಿಸದೆ ಹಿಂದಿರುಗಿದರೆ ಅದು ಆ ಸೂಚನೆಗಾಗಿ ಕಾಯುತ್ತಲೇ ಕೂರುತ್ತದೆ.

ಅನ್‌ಪ್ಲಗ್ ನಂತರ ಡಿಲೇಡ್ ವರ್ಕನ್ನು ಸಿಂಕ್ ಬಗೆಯಲ್ಲಿ, ಅಂದರೆ ಓಡುತ್ತಿರುವುದು ಮುಗಿಯುವವರೆಗೆ ಕಾದು, ರದ್ದು ಮಾಡಿದೆ, ನಂತರ ಬಾಕಿ ಇರುವ ಯುಎಸ್‌ಬಿ ಸಾಗಣೆಗಳನ್ನು ಒಂದು ಆ್ಯಂಕರ್‌ಗೆ ಕಟ್ಟಿ ಒಟ್ಟಿಗೆ ಕೊಂದೆ, ಕೊನೆಗೆ ಪರದೆಯನ್ನು ಪೂರ್ತಿ ಆರಿಸುವ ಅಟಾಮಿಕ್ ಶಟ್‌ಡೌನ್. ಈ ಅನುಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ರದ್ದು ಮೊದಲು, ಅನ್‌ಪ್ಲಗ್ ನಂತರ ಎಂದಾದರೆ, ಅವೆರಡರ ನಡುವಿನ ಗಳಿಗೆಯಲ್ಲಿ ಬಂದ ಒಂದು ಚಿತ್ರ ಅದೇ ಕೆಲಸವನ್ನು ಮತ್ತೆ ಸರದಿಗೆ ಹಚ್ಚಬಹುದು.

ಇಷ್ಟು ಮಾಡಿದಾಗ ಕಾಸಾನ್ ಮೌನವಾಯಿತು, ಆದರೆ ಅಲ್ಲಿಯವರೆಗೆ ಮೆಮೊರಿ ದೋಷದ ಹಿಂದೆ ಮರೆಯಾಗಿದ್ದ ಇನ್ನೊಂದು ದೋಷ ಮೇಲೆದ್ದಿತು. ಅಡಾಪ್ಟರನ್ನು ಕಿತ್ತಾಗ ಕೆಲವೊಮ್ಮೆ ಡಿಸ್‌ಕನೆಕ್ಟ್ ಮುಗಿಯುತ್ತಲೇ ಇರಲಿಲ್ಲ. ಕಂಪ್ಯೂಟರಿಗೆ ನೇರವಾಗಿ ಕೀಬೋರ್ಡ್ ಚುಚ್ಚಿದರೂ ಅದು ಗುರುತಿಸುತ್ತಿರಲಿಲ್ಲ. ಕರ್ನಲ್ ಕೆಲಸಗಾರನೊಬ್ಬ 120 ಸೆಕೆಂಡಿಗಿಂತ ಹೆಚ್ಚು ಕಾಲ ತಡೆಹಿಡಿಯಲ್ಪಟ್ಟಿದ್ದಾನೆ ಎಂಬ ಎಚ್ಚರಿಕೆ ಬಂತು. ಕರೆಸರಣಿ ಓದಿದಾಗ ವಿಷಯ ಹೀಗಿತ್ತು: ಡ್ರೈವರ್ ಬಳಿ ಸಾಗಣೆಯ ಬಫರುಗಳು ಸೀಮಿತವಾಗಿವೆ, ಖಾಲಿ ಬಫರು ಬೇಕಾದವರು ಖಾಲಿ ಬಫರುಗಳನ್ನು ಎಣಿಸುವ ಸೆಮಾಫೋರಿನಲ್ಲಿ ಕಾಯುತ್ತಾರೆ, ಸಾಗಣೆ ಮುಗಿದಾಗ ನಡೆಯುವ ಕಂಪ್ಲೀಶನ್ ಕಾರ್ಯ ಸೆಮಾಫೋರನ್ನು ಏರಿಸಬೇಕು. ಸಾಧನ ಹೋದ ಕಾರಣದ ದೋಷ ಸಂಖ್ಯೆ ಬಂದರೆ ಆ ಕಾರ್ಯ ಸೆಮಾಫೋರನ್ನು ಏರಿಸದೆ ಮೊದಲ ಸಾಲಿನಲ್ಲೇ ಹಿಂದಿರುಗುತ್ತಿತ್ತು. ಅನ್‌ಪ್ಲಗ್ ಒಳಗಿನವರು ಹೊರಬರಲೆಂದು ಕಾಯುತ್ತಿತ್ತು. ಒಳಗಿನವರು ಎಂದೂ ಬಾರದ ಬಫರಿಗಾಗಿ ಕಾಯುತ್ತಿದ್ದರು. ಮೊದಲಿನ ಡ್ರೈವರಿನಲ್ಲಿ ಯಾರೂ ಯಾರಿಗೂ ಕಾಯದೆ ಮೆಮೊರಿಯನ್ನು ಬಿಟ್ಟುಬಿಡುತ್ತಿದ್ದುದರಿಂದ ಇದು ಕಾಣುತ್ತಲೇ ಇರಲಿಲ್ಲ.

ಕಂಪ್ಲೀಶನ್ ಕಾರ್ಯವನ್ನು, ಫಲಿತಾಂಶ ಏನೇ ಇರಲಿ, ಬಫರನ್ನು ಪಟ್ಟಿಗೆ ಮರಳಿಸಿ ಸೆಮಾಫೋರ್ ಏರಿಸುವಂತೆ ತಿದ್ದಿದೆ. ಕಾಯುವ ಕಡೆಯಲ್ಲೂ ಅನಂತ ಕಾಯುವಿಕೆಯ ಬದಲು 1 ಸೆಕೆಂಡಿನ ಮಿತಿ ಹಾಕಿದೆ. ಅಷ್ಟರಲ್ಲಿ ಬಫರು ಬಾರದಿದ್ದರೆ ಆ ಒಂದು ಚಿತ್ರವನ್ನು ಕೈಬಿಡುವುದೇ ಸರಿ. ಧಾರಣೆ ಪಟ್ಟಿಯಲ್ಲಿ ಒಂದು ಚಿತ್ರ ತಪ್ಪಿದರೆ ಯಾರಿಗೂ ನಷ್ಟವಿಲ್ಲ.

ಪರೀಕ್ಷೆಗೆ ಸ್ಕ್ರಿಪ್ಟೊಂದು ರಾತ್ರಿಯಿಡೀ ಅಡಾಪ್ಟರನ್ನು ಕಳಚಿ ಜೋಡಿಸುತ್ತಿತ್ತು, ಇನ್ನೊಂದು ಅದೇ ಸಮಯದಲ್ಲಿ ಪರದೆಗೆ ಚಿತ್ರ ಸುರಿಯುತ್ತಿತ್ತು. ಕಾಸಾನ್ ಜೊತೆಗೆ ಬೀಗಗಳ ಸಿಕ್ಕು ಹುಡುಕುವ ಲಾಕ್‌ಡೆಪ್ ಮತ್ತು ಮೆಮೊರಿ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಎರಡನ್ನೂ ಹಾಕಿದ್ದೆ. ಕೆಮೆಮ್‌ಲೀಕ್ ಅಗತ್ಯ, ಏಕೆಂದರೆ ಬಿಟ್ಟುಕೊಟ್ಟದ್ದನ್ನು ಮುಟ್ಟುವ ದೋಷವನ್ನು ಎಂದೂ ಬಿಟ್ಟುಕೊಡದೆ ಇರುವುದರಿಂದಲೂ ಮುಚ್ಚಬಹುದು. ಆಗ ಪ್ರತಿ ಬಾರಿ ಕರೆಂಟು ಹೋದಾಗಲೂ ಸ್ವಲ್ಪ ಮೆಮೊರಿ ಸೋರಿ, ಮಳೆಗಾಲ ಮುಗಿಯುವ ಹೊತ್ತಿಗೆ ಯಂತ್ರವೇ ಬಳಲುತ್ತದೆ. ಮೂರೂ ಪರೀಕ್ಷಕಗಳಿಂದ ಯಾವ ವರದಿಯೂ ಬರಲಿಲ್ಲ.

ಯುಪಿಎಸ್ ಸಾಲದು ಎಂದು ಹಟ ಹಿಡಿದ ಕಾರಣ

ಪರದೆ ತೋರಿಸುವ ಬ್ರೌಸರ್ ಮತ್ತು ಕಂಪೋಸಿಟರ್ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ, ಮತ್ತು ಗ್ರಾಫಿಕ್ಸ್ ಸಾಧನದ ಕಡತ ಅಂತಹ ಬಳಕೆದಾರನಿಗೆ ತೆರೆದೇ ಇರುತ್ತದೆ. ಪರದೆಯ ಕೆಲಸ ನಡೆಯಲು ಅದು ಅನಿವಾರ್ಯ. ಹಾಗಾಗಿ ಗ್ರಾಫಿಕ್ಸ್ ಡ್ರೈವರಿನ ಮೆಮೊರಿ ದೋಷವೆಂದರೆ, ಹೆಚ್ಚಿನ ಅಧಿಕಾರವಿಲ್ಲದ ಒಂದು ಪ್ರೋಗ್ರಾಂ ಕರ್ನಲ್ ಒಳಗೆ ಕೈಹಾಕಲು ಸಿಗುವ ಕಿಂಡಿ. ಬಿಟ್ಟ ತುಣುಕಿನ ಜಾಗಕ್ಕೆ ತನಗೆ ಬೇಕಾದ ಬೈಟುಗಳನ್ನು ತುಂಬಿಸಿ, ಹಳೆಯ ಪಾಯಿಂಟರ್ ಅದನ್ನು ಓದುವಂತೆ ಮಾಡಿದರೆ, ಯಂತ್ರದ ಪೂರ್ಣ ಅಧಿಕಾರ ಸಿಗುವವರೆಗೆ ದಾರಿ ಹೋಗಬಹುದು. ಇದು ಕೇವಲ ಊಹೆಯಲ್ಲ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿರುವ ಮಾಲಿ ಜಿಪಿಯುವಿನ ಕರ್ನಲ್ ಡ್ರೈವರಿನಲ್ಲಿ ಬಿಟ್ಟ ಮೆಮೊರಿಯನ್ನು ಮುಟ್ಟುವ ದೋಷಗಳನ್ನು ಆರ್ಮ್ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಸಿವಿಇ-2023-4211 (ಸಿವಿಇ ಎಂದರೆ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿ) ಎಂದೂ, 2024ರ ಜೂನ್‌ನಲ್ಲಿ ಸಿವಿಇ-2024-4610 ಎಂದೂ ಪ್ರಕಟಿಸಿತು. ಎರಡೂ ನಿಜವಾದ ದಾಳಿಗಳಲ್ಲಿ ಬಳಕೆಯಾಗಿರುವ ಸೂಚನೆ ಇದೆ ಎಂದು ಅದೇ ಹೇಳಿತು. ರಾಸ್ಪ್‌ಬೆರಿ ಪೈ ಯಂತ್ರದ ವಿಸಿ4 ಡ್ರೈವರಿನಲ್ಲೂ ಬಳಕೆದಾರ ಕೊಟ್ಟ ಗಾತ್ರಗಳನ್ನು ಕೂಡುವಾಗ ಪೂರ್ಣಾಂಕ ಉಕ್ಕಿ ಹರಿಯುವ ದೋಷವಿತ್ತು, 4.9.7 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು, ಸಿವಿಇ-2017-5576 ಎಂದು ಅದು ದಾಖಲಾಗಿದೆ. ಅಲ್ಲಿನ ವಿಡಿಯೋಕೋರ್ 4 ಜಿಪಿಯುಗೆ ತನ್ನದೇ ಮೆಮೊರಿ ರಕ್ಷಣೆಯ ಘಟಕವಿಲ್ಲದ ಕಾರಣ, ಬಳಕೆದಾರ ಕಳುಹಿಸುವ ಪ್ರತಿಯೊಂದು ಆದೇಶವನ್ನೂ ಕರ್ನಲ್ ತಾನೇ ಓದಿ ಪರಿಶೀಲಿಸಬೇಕಾಗುತ್ತದೆ. ಅಂತಹ ಜಾಗದಲ್ಲಿ ಗಾತ್ರದ ಒಂದು ಕೂಡಿಕೆ ತಪ್ಪಿದರೂ ಗಂಭೀರವೇ.

ವಸ್ತುಗಳ ಒಡೆತನವನ್ನು ಕಂಪೈಲರೇ ಪರೀಕ್ಷಿಸುವ ರಸ್ಟ್ ಭಾಷೆಗೆ ಲಿನಕ್ಸ್ 2022ರ ಡಿಸೆಂಬರಿನ 6.1 ಆವೃತ್ತಿಯಿಂದ ಪ್ರವೇಶ ಸಿಕ್ಕಿದೆ. ಮೇಲೆ ಹೇಳಿದ ಮೂರು ದಾರಿಗಳಲ್ಲಿ ಹೆಚ್ಚಿನವನ್ನು ಅದು ಕಂಪೈಲ್ ಹಂತದಲ್ಲೇ ತಡೆಯಬಲ್ಲದು ಎಂದು ನನಗನ್ನಿಸುತ್ತದೆ, ಸೆಮಾಫೋರಿನ ಸಿಕ್ಕನ್ನು ತಡೆಯಲಾರದು. ಆದರೆ ಈಗ ಗೋಡೆಯ ಮೇಲಿರುವ ಅಡಾಪ್ಟರಿನ ಡ್ರೈವರ್ ಸಿ ಭಾಷೆಯದು, ಅದನ್ನು ಸಿ ಭಾಷೆಯಲ್ಲೇ ನೆಟ್ಟಗೆ ಮಾಡಬೇಕಿತ್ತು.

ಈಗಿನ ಸ್ಥಿತಿ

ತಿದ್ದಿದ ಡ್ರೈವರ್ ವಕಾರಿಯ ಯಂತ್ರದಲ್ಲಿ ಓಡುತ್ತಿದೆ. ಅಡಾಪ್ಟರ್ ಮರಳಿ ಬಂದಾಗ ಹಳೆಯ ಕಡತ ಇನ್ನೂ ತೆರೆದಿದ್ದರೆ ಹೊಸ ಸಾಧನಕ್ಕೆ ಬೇರೆ ಸಂಖ್ಯೆ ಸಿಗುವುದರಿಂದ, ಸಾಧನ ಬಂದಾಗ ಓಡುವ ಯುಡೆವ್ ನಿಯಮವೊಂದು ಮೇಲಿನ ಪರದೆಯ ಕಂಪೋಸಿಟರನ್ನು ಮಾತ್ರ ನಿಲ್ಲಿಸಿ ಮತ್ತೆ ಆರಂಭಿಸುತ್ತದೆ. ಹಬ್ ಯುಪಿಎಸ್ ಮೇಲಿದೆ. ಹಾಗಿದ್ದೂ ಅದರ ಪ್ಲಗ್ಗನ್ನು ಕಿತ್ತು ಮೇಲ್ವಿಚಾರಕರ ಎದುರೇ ತೋರಿಸಿದೆ, ಪರದೆ ತಾನಾಗಿ ಮರಳಿತು, ಕೆಳಗಿನದು ಅಲುಗಲಿಲ್ಲ.

ತಿದ್ದುಪಡಿಯನ್ನು ಆಯುಸ್ಸಿನ ಬದಲಾವಣೆ, ಅನ್‌ಪ್ಲಗ್ ಕಾವಲು, ರದ್ದತಿಯ ಅನುಕ್ರಮ, ಕಂಪ್ಲೀಶನ್ ಕಾರ್ಯ ಎಂದು ಬಿಡಿ ತೇಪೆಗಳಾಗಿ ಒಡೆದು, ಪ್ರತಿಯೊಂದರ ಜೊತೆ ಅದು ನಿಲ್ಲಿಸುವ ಕಾಸಾನ್ ವರದಿ ಅಥವಾ ಎಚ್ಚರಿಕೆಯನ್ನು ಸೇರಿಸಿ ತಯಾರಕರಿಗೆ ಕಳುಹಿಸಿದ್ದೇನೆ. ಒಂದೇ ದೊಡ್ಡ ತೇಪೆಯಾಗಿ ಕಳುಹಿಸಿದರೆ ಓದುವವರು ಯಾವ ಸಾಲು ಯಾವ ದೋಷಕ್ಕೆಂದು ತಿಳಿಯದೆ ಅರ್ಧವನ್ನು ಮಾತ್ರ ಸೇರಿಸಿಕೊಳ್ಳುವ ಅಪಾಯವಿದೆ, ಮತ್ತು ಸೆಮಾಫೋರಿನ ತಿದ್ದುಪಡಿ ಇಲ್ಲದೆ ಅನ್‌ಪ್ಲಗ್ ಕಾವಲನ್ನು ಮಾತ್ರ ಸೇರಿಸಿಕೊಂಡರೆ ಯಂತ್ರ ಸಿಕ್ಕಿಕೊಳ್ಳುವುದು ಖಚಿತ. ಆದ್ದರಿಂದ ಕಂಪ್ಲೀಶನ್ ಕಾರ್ಯದ ತೇಪೆಯನ್ನು ಸರಣಿಯ ಮೊದಲಿಗೇ ಇಟ್ಟಿದ್ದೇನೆ.

ಸಸ್ಪೆಂಡ್ ಮತ್ತು ರೆಸ್ಯೂಮ್ (ಮಲಗುವ ಮತ್ತು ಏಳುವ) ದಾರಿಗಳು ಬಾಕಿ ಇವೆ. ಅಲ್ಲಿಯೂ ಡಿಲೇಡ್ ವರ್ಕನ್ನು ನಿಲ್ಲಿಸದೆ ಸಾಧನವನ್ನು ಮಲಗಿಸುವ ಕೋಡು ಕಾಣುತ್ತಿದೆ. ಅದನ್ನು ಕಾಸಾನ್ ಕರ್ನಲ್‌ನಲ್ಲಿ ಪರೀಕ್ಷಿಸುವವರೆಗೆ, ಆ ಯುಎಸ್‌ಬಿ ಸಾಧನದ ಪವರ್ ವಿಭಾಗದ ಕಂಟ್ರೋಲ್ ಕಡತಕ್ಕೆ ಬೂಟ್ ಸಮಯದಲ್ಲೇ ಆನ್ ಎಂದು ಬರೆಸಿ ಅದು ತಾನಾಗಿ ಮಲಗದಂತೆ ಮಾಡಿದ್ದೇನೆ, ಮತ್ತು ಇಡೀ ಯಂತ್ರದ ಸಸ್ಪೆಂಡ್ ಸೌಲಭ್ಯವನ್ನು ಸೇವೆಗಳನ್ನು ನಿಭಾಯಿಸುವ ಸಿಸ್ಟಂಡಿಯಲ್ಲಿ ಮುಚ್ಚಿಟ್ಟಿದ್ದೇನೆ.